ಗಾಲಿಮನೆಗೆ ಮಟ್ಟ ಹಿಡಿದ ಗೌಂಡಿ

ನಿರುಪಾದಜ್ಜರಿಗೆ ಮಠ ಇರಲಿಲ್ಲ. ಒಂದು ಮನೆ ಇತ್ತು, ಆ ಮನೆಗೆ ಎರಡು ಗಾಲಿ ಇದ್ದವು.

ಹಲಗೆಯ ಗೋಡೆ, ತಗಡಿನ ಮಾಡು, ಒಂದು ಬಾಗಿಲು, ಒಂದು ಕಿಟಕಿ. ನಾಲ್ಕು ಮಂದಿ ಕಾಲು ಚಾಚಿದರೆ ಐದನೆಯವನು ನಿಂತೇ ಇರಬೇಕು, ಅಷ್ಟೇ ಜಾಗ. ಅಜ್ಜರ ಜೊತೆಗೇ ತಿರುಗುವ ದಾವಲಸಾಬನ ಟ್ರ್ಯಾಕ್ಟರಿನ ಹಿಂದೆ ಕೊಂಡಿ ಹಾಕಿದರೆ ಮನೆ ಹೊರಟಿತು. ಕೊಂಡಿ ಬಿಚ್ಚಿದಲ್ಲಿ ಅಜ್ಜರ ಬೀಡು. ಹೊಳೆಯ ದಂಡೆ ಹಿಡಿದು ಹೀಗೇ ತಿರುಗುತ್ತಿದ್ದರು.

ಒಂದು ಬೀಡಿಗೆ ಒಬ್ಬ ಗೌಂಡಿ ಬಂದ. ಹೆಸರು ದ್ಯಾಮಣ್ಣ. ಗೋಡೆ ಕಟ್ಟುವ ಕಸಬಿನವನು. ಹೆಗಲ ಚೀಲದಲ್ಲಿ ಕರಣೆ, ತೂಗುಗುಂಡು, ಮತ್ತೆ ರಸಮಟ್ಟ. ಗಾಜಿನ ನಳಿಗೆಯೊಳಗೆ ಒಂದು ಗುಳ್ಳೆ ಓಡಾಡುತ್ತದಲ್ಲ, ಆ ಮರದ ಪಟ್ಟಿ. ಗುಳ್ಳೆ ಎರಡು ಗೆರೆಯ ನಡುವೆ ನಿಂತರೆ ಮಟ್ಟ, ಇಲ್ಲವಾದರೆ ಓರೆ.

"ಅಜ್ಜಾರ, ನಾ ಕಟ್ಟಿದ ಗೋಡಿ ಬಿತ್ರಿ," ಅಂದ ದ್ಯಾಮಣ್ಣ.

"ಬೀಳತಾವು."

"ನನ್ನ ತಮ್ಮ ಬಾಳಪ್ಪನ ಮ್ಯಾಲ ಬಿತ್ರಿ. ಒಂದು ಕಾಲು ಹೋತು. ನಮ್ಮದ ದನದ ಕೊಟಗಿ, ನಾನ ಕಟ್ಟಿದ್ದು, ಅವಸರ ಮಾಡಿ ಕಟ್ಟಿದ್ದೆ. ಅವತ್ತ ಮನಿ ಬಿಟ್ಟು ಬಂದೇನಿ. ಅವನ ಮುಂದ ಹೆಂಗ ಹೋಗಿ ನಿಂದರಲಿ, ಅದನ್ನ ಹೇಳ್ರಿ."

ಅಜ್ಜ ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಒಳಗ ಬಾ. ಕುಂತು ಮಾತಾಡೋಣು."

ದ್ಯಾಮಣ್ಣ ಹೊಸ್ತಿಲ ತನಕ ಹೋದ. ಕತ್ತೆತ್ತಿ ತಗಡು ನೋಡಿದ. ಬಗ್ಗಿ ನೆಲದ ಹಲಗೆಯ ಮೇಲೆ ರಸಮಟ್ಟ ಇಟ್ಟ. ಗುಳ್ಳೆ ಒಂದು ಕಡೆಗೆ ಓಡಿಹೋಗಿ ಕೂತಿತು.

"ಮನಿ ಓರಿ ಐತ್ರಿ."

"ಇರಬಹುದು. ನೀ ಬಾ."

"ಮಟ್ಟ ಸಿಗದ ಮನಿಯೊಳಗ ಗೌಂಡಿ ಕುಂದರಬಾರದ್ರಿ. ನಮ್ಮ ಕಸಬಿನಾಗ ಹಂಗ ಐತಿ. ಮೊದಲ ಮಟ್ಟ ಮಾಡತೀನಿ. ಆಮ್ಯಾಲ ಒಳಗ ಬಂದು ಕುಂದರತೀನಿ, ನೀವು ಹೇಳೂದು ಕೇಳತೀನಿ."

"ಆತು," ಅಂದರು ಅಜ್ಜ. "ಮಾಡು."

ಅವತ್ತಿನಿಂದ ಗಾಲಿಮನೆ ನಿಲ್ಲಿಸುವ ಕೆಲಸ ದ್ಯಾಮಣ್ಣನದಾಯಿತು.

ಮಾಡಲಿಕ್ಕೆ ಕೂತರೆ ಅವನ ಕೈ ಚೆಂದ, ಅದನ್ನು ಯಾರೂ ಇಲ್ಲ ಅನ್ನುವಂತಿಲ್ಲ. ಬೀಡಿನ ಜಾಗ ಬಂದೊಡನೆ ಟ್ರ್ಯಾಕ್ಟರಿನಿಂದ ಧುಮುಕಿ ನೆಲವನ್ನು ಕಾಲಲ್ಲಿ ತುಳಿದು ನೋಡುವನು. ಯಾವ ಕಡೆ ತಗ್ಗೋ ಆ ಕಡೆಯ ಗಾಲಿಯ ಮುಂದೆ ಹಲಗೆ ಇಡುವನು.

"ಮುಂದ ಬಾ, ದಾವಲಸಾಬ. ಇನ್ನೊಂದೀಟು. ಇನ್ನೊಂದು ಗೇಣು. ನಿಂದರ!"

ಗಾಲಿ ಹಲಗೆ ಏರಿ ನಿಂತ ಮೇಲೆ ಹಿಂದೆ ಮುಂದೆ ಕಲ್ಲು ಕೊಡುವನು. ಆಮೇಲೆಯೇ ಕೊಂಡಿ ಬಿಚ್ಚುವುದು. ಮೊದಲೇ ಬಿಚ್ಚಿದರೆ ಮನೆ ಹೊಳೆಗೆ ಹೋಗಿ ಸ್ನಾನ ಮಾಡೀತು. ಕೊಂಡಿ ಬಿಚ್ಚಿದ ಮೂತಿಗೆ ಜಾಕು ಕೊಟ್ಟು, ಒಂದೊಂದೇ ಸುತ್ತು ತಿರುವಿ ಎತ್ತುವನು. ಕಡೆಗೆ ನಾಲ್ಕೂ ಮೂಲೆಯ ಕಬ್ಬಿಣದ ಕಾಲು ಇಳಿಸಿ, ಕೆಳಗೆ ಚಪ್ಪಡಿ ಕಲ್ಲು ಹಾಕುವನು. ಹೊರಗೆ ನಿಂತೇ ಕೈ ಚಾಚಿ ನೆಲದ ಮೇಲೆ ರಸಮಟ್ಟ ಇಡುವನು.

ಗುಳ್ಳೆ ನಡುವೆ ನಿಲ್ಲುವುದು. ದ್ಯಾಮಣ್ಣನ ಮುಖ ಅರಳುವುದು.

ಅಷ್ಟು ಹೊತ್ತೂ ಅಜ್ಜ ಮರದ ಕೆಳಗೆ ಕೂತಿರುವರು. ಅಜ್ಜ ಅಂದರೆ ಸಣ್ಣ ಆಳಲ್ಲ, ತುಂಬಿದ ಮೈ. ಎದ್ದು ಬಂದು ಮೆಟ್ಟಿಲು ಹತ್ತಿ ಬಾಗಿಲಲ್ಲಿ ಕೂತು, ಮಂದಿ ಕೊಟ್ಟ ನಿಂಬೆಹಣ್ಣು ಒಂದನ್ನು ಮಡಿಲಿಂದ ತೆಗೆದು ನೆಲದ ಮೇಲೆ ಇಡುವರು.

ನಿಂಬೆಹಣ್ಣು ಒಂದು ಗಳಿಗೆ ಯೋಚನೆ ಮಾಡಿದಂತೆ ನಿಲ್ಲುವುದು. ಆಮೇಲೆ ಬಾಗಿಲ ಕಡೆಗೆ ಉರುಳಿ, ಅಜ್ಜರ ಮಗ್ಗುಲಿಂದ ಹೊಸ್ತಿಲು ದಾಟಿ, ದ್ಯಾಮಣ್ಣನ ಕಾಲ ಬಳಿ ಬೀಳುವುದು.

"ನಿನ್ನ ಕರಿಯಾಕ ಬಂದೈತಿ," ಅನ್ನುವರು ಅಜ್ಜ. "ಒಳಗ ಬಾ."

"ಇಲ್ರಿ ಅಜ್ಜಾರ. ಇನ್ನೂ ಒಂದು ಎಳಿಯಷ್ಟು ಓರಿ ಐತಿ. ನಾಳಿನ ಬೀಡಿನಾಗ ನೋಡ್ರಿ."

ರಾತ್ರಿ ಬಯಲಲ್ಲೇ ಗೋಣಿ ಹೊದ್ದು ಮಲಗುವನು. ಗೋಡೆ ಬಿದ್ದ ಮೇಲೆ ಎರಡು ಸುಗ್ಗಿ ಕಳೆದಿದ್ದವು, ಒಂದು ರಾತ್ರಿಯೂ ಅವನು ಮಾಡಿನ ಕೆಳಗೆ ಮಲಗಿರಲಿಲ್ಲ.

ಬೀಡಿನಿಂದ ಬೀಡಿಗೆ ಹೀಗೇ ನಡೆಯಿತು. ದ್ಯಾಮಣ್ಣ ಹಟಗಾರ. ಒಂದು ಸಲ ಅಜ್ಜರನ್ನು ಮೊದಲೇ ಬಾಗಿಲಲ್ಲಿ ಕೂಡಿಸಿ, ಅವರ ಭಾರ ಲೆಕ್ಕ ಹಿಡಿದು ಆ ಕಡೆಗೆ ಒಂದು ಕಲ್ಲು ಹೆಚ್ಚು ಕೊಟ್ಟ. ಗುಳ್ಳೆ ನಡುವೆ ನಿಂತಿತು. ನಿಂಬೆಹಣ್ಣೂ ನಿಂತಿತು.

"ಆತ್ರೀ!" ಅಂತ ಕುಣಿದ. ಕೈಕಾಲು ತೊಳೆಯಲು ಹೊಳೆಗೆ ಓಡಿದ.

ತಿರುಗಿ ಬರುವಷ್ಟರಲ್ಲಿ ಅಜ್ಜ ಊಟದ ಮೇಲಿನ ನಿದ್ದೆಗೆ ಆಚೆ ಗೋಡೆಯ ಪಕ್ಕ ಮಲಗಿದ್ದರು. ನಿಂಬೆಹಣ್ಣು ಉರುಳಿ ಹೋಗಿ ಅವರ ಬೆನ್ನಿಗೆ ಅಂಟಿಕೊಂಡಿತ್ತು.

"ಅಜ್ಜಾರ, ಕೈ ಮುಗೀತೀನಿ, ಒಂದ ಕಡೆ ಇರ್ರಿ."

"ನಾ ಏನು ಹೆಣ ಏನೋ ತಮ್ಮಾ, ಇಟ್ಟಲ್ಲೇ ಇರಾಕ?"

ದಾವಲಸಾಬ ಟ್ರ್ಯಾಕ್ಟರಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದವನು ಮೂಗಿಗೆ ಚಹಾ ಏರಿಸಿಕೊಂಡ.

"ಏ ಗೌಂಡಿ, ಈ ಭೂಮೀನ ಓರಿ ಐತಂತ. ಅದಕ್ಕೂ ಒಂದು ಕಲ್ಲು ಕೊಡು!"

"ಕಲ್ಲು ಐತಿ, ಇಡಾಕ ಜಾಗಾ ತೋರಿಸು," ಅಂದ ದ್ಯಾಮಣ್ಣ.

ದಾವಲಸಾಬ ಬಾಯಿಬಡುಕನೇ ಹೊರತು ಕೆಟ್ಟವನಲ್ಲ. ಒಮ್ಮೆ ಟ್ರ್ಯಾಕ್ಟರಿಗೆ ಎಣ್ಣೆ ತರಲು ಹೋದವನು ದ್ಯಾಮಣ್ಣನ ಊರಿನ ಮೇಲೆ ಹಾದು ಬಂದ. ಅವತ್ತು ಕುಚೋದ್ಯ ಮಾಡಲಿಲ್ಲ. ಅಜ್ಜರೂ ಅಲ್ಲೇ ಬಾಗಿಲಲ್ಲಿದ್ದರು.

"ನಿನ್ನ ತಮ್ಮನ್ನ ನೋಡಿದೆ."

ದ್ಯಾಮಣ್ಣ ಕಲ್ಲು ಎತ್ತುತ್ತಿದ್ದವನು ಹಾಗೇ ನಿಂತ.

"ಬಾಗಲದಾಗ ಕುಂತಿದ್ದ. ದಿನಾ ಅಲ್ಲೇ ಕುಂತಿರತಾನಂತ. ಊಟಾನೂ ಅಲ್ಲೇ ತರಿಸಿಕೋತಾನಂತ, ಒಳಗ ಹೋಗಂಗಿಲ್ಲ. ಬಸ್ಸಿನ ಸಪ್ಪಳ ಆದ್ರ ಸಾಕು, ಕತ್ತು ಎತ್ತತಾನ."

"ಸಿಟ್ಟಿನಾಗ ಇದ್ದನೇನು?"

"ನನಗೇನು ಗೊತ್ತು? ನೀ ಸಿಕ್ಕಿಯೇನು ಅಂತ ಕೇಳಿದ. ಹೂಂ ಅಂದೆ. ಆರಾಮ ಅದಾನೇನು ಅಂದ. ಏನು ಹೇಳಬೇಕು ಅಂತ ತಿಳೀಲಿಲ್ಲ, ಕಲ್ಲು ಹೊರತಾನ ಅಂದೆ."

ದ್ಯಾಮಣ್ಣ ಕೈಯಲ್ಲಿದ್ದ ಕಲ್ಲನ್ನು ಚಪ್ಪಡಿಯ ಮೇಲೆ ಇಟ್ಟ. ತೆಗೆದ. ಮತ್ತೆ ಇಟ್ಟ.

"ಮೊದಲ ಇದೊಂದು ನೆಟ್ಟಗ ನಿಂದರಲಿ," ಅಂದ. "ಒಂದಾದ್ರೂ ನೆಟ್ಟಗ ನಿಂದರಿಸಿ ಹೋಗತೀನಿ. ಬರೀ ಕೈಲೆ ಹೆಂಗ ಹೋಗಲಿ?"

ಅಜ್ಜ ಆಚೆ ದಂಡೆ ನೋಡುತ್ತ ಕೂತರು.

ಹೀಗೆ ಮಳೆಗಾಲ ಹತ್ತಿರ ಬಂತು. ಅಜ್ಜರದು ಒಂದು ಪದ್ಧತಿ. ಮಳೆಗಾಲಕ್ಕೆ ಹರಿಗೋಲಿನಲ್ಲಿ ಹೊಳೆ ದಾಟಿ, ಆಚೆ ದಂಡೆಯ ಗುಡ್ಡದ ಗವಿಯಲ್ಲಿ ನಾಲ್ಕು ತಿಂಗಳು ಮೌನ ಹಿಡಿಯುವರು. ಯಾರಿಗೂ ಒಂದು ಮಾತು ಸಿಗುವುದಿಲ್ಲ. ಗಾಲಿಮನೆ ಈಚೆ ದಂಡೆಯಲ್ಲೇ ಉಳಿಯುವುದು.

ಕಡೆಯ ಬೀಡು ಹೊಳೆಯ ತೀರಾ ಮಗ್ಗುಲಿಗೆ, ಉಸುಕು ಬೆರೆತ ನೆಲ. ದ್ಯಾಮಣ್ಣ ಬೆಳಿಗ್ಗೆ ಶುರು ಮಾಡಿದವನು ಮಧ್ಯಾಹ್ನದ ಊಟ ಬಿಟ್ಟ. ಉಸುಕು ಕೆದರಿ ಗಟ್ಟಿ ನೆಲ ಸಿಗುವ ತನಕ ಅಗೆದ. ಚಪ್ಪಡಿಗಳನ್ನು ಬಡಿದು ಕೂಡಿಸಿದ. ಮೂಲೆಯ ಕಾಲುಗಳಿಗೆ ಬೆಣೆ ಹೊಡೆದ. ಹಾಗೆ ನಿಲ್ಲಿಸಿದ ಮನೆಯನ್ನು ಆ ದಂಡೆ ಹಿಂದೆಂದೂ ನೋಡಿರಲಿಕ್ಕಿಲ್ಲ.

ಗುಳ್ಳೆ ನಡುವೆ ನಿಂತಿತು. ಅತ್ತ ಇತ್ತ ಕೂದಲಷ್ಟೂ ಇಲ್ಲ.

"ಅಜ್ಜಾರ, ಇವತ್ತ ಆತು. ಬರ್ರಿ. ಹಣ್ಣು ಇಡ್ರಿ."

ಅಜ್ಜ ಬಂದು ಬಾಗಿಲಲ್ಲಿ ಕೂತರು. ನಿಂಬೆಹಣ್ಣು ಇಟ್ಟರು.

ಅದು ನಿಂತಿತು. ಆಮೇಲೆ ಉರುಳಿತು. ಹೊಸ್ತಿಲು ದಾಟಿ ಅವನ ಕಾಲ ಬಳಿ ಬಿತ್ತು.

ದ್ಯಾಮಣ್ಣ ಉಸುಕಿನಲ್ಲಿ ಕುಸಿದು ಕೂತ. ಕೈಯ ಚರ್ಮ ಕಿತ್ತುಹೋಗಿತ್ತು.

"ನಾಳಿಗೆ ನೀವು ಹೊಳಿ ದಾಟತೀರಿ," ಅಂದ. "ನನಗ ಒಂದು ಮಾತು ಸಿಗಲಿಲ್ಲ."

"ಒಂದು ಕೇಳತೀನಿ, ಹೇಳು. ನಾ ದಿನಾ ಬಾಗಲದಾಗ ಯಾಕ ಕುಂದರತೀನಿ?"

"ಗಾಳಿಗಿರಬೇಕ್ರಿ."

"ಗಾಳಿ ಕಿಟಕಿಯಾಗೂ ಬರತೈತಿ."

"ಹೊಳಿ ನೋಡಾಕ."

"ಹುಟ್ಟಿದಾಗಿಂದ ನೋಡೇನಿ."

ದ್ಯಾಮಣ್ಣ ತಾನು ಕೂತ ಜಾಗ ನೋಡಿಕೊಂಡ. ಮೆಲ್ಲಗೆ ಅಂದ, "ನನ್ನ ಕೂಡ ಮಾತಾಡಾಕ. ನಾ ಹೊರಗ ಇರತೀನಂತ."

"ನೀ ಬರೂಕಿಂತ ಮೊದಲ ನಾ ಎಲ್ಲಿ ಕುಂದರತಿದ್ದೆ, ಕೇಳು ದಾವಲಸಾಬನ್ನ."

"ನಡುವ, ದೀಪದ ಹಂತ್ಯಾಕ," ಅಂದ ದಾವಲಸಾಬ. "ಗಾಲಿ ಅಚ್ಚಿನ ಮ್ಯಾಲ. ಬಾಗಲದಾಗ ಕುಂತ್ರ ಮನಿ ವಾಲತೈತಿ, ಅಲ್ಲಿ ಎಮ್ಮಿ ಕುಂತ್ರೂ ಅಲ್ಲಾಡೂದಿಲ್ಲ."

"ಯಾರಿಗೋ ಎಮ್ಮಿ ಅಂತೀ?" ಅಂದರು ಅಜ್ಜ.

"ಮಾತಿಗೆ ಅಂದೇನ್ರಿ," ಅಂತ ದಾವಲಸಾಬ ಟ್ರ್ಯಾಕ್ಟರಿನ ಹಿಂದೆ ಸರಿದ.

ದ್ಯಾಮಣ್ಣ ನಗಲಿಲ್ಲ. ಬಾಗಿಲನ್ನು ನೋಡಿದ, ಬಾಗಿಲ ಕೆಳಗಿನ ಚಪ್ಪಡಿ ನೋಡಿದ, ಅಜ್ಜರನ್ನು ನೋಡಿದ. ಇಷ್ಟೂ ದಿನ ಹೊತ್ತ ಕಲ್ಲುಗಳೆಲ್ಲ ಒಮ್ಮೆಗೇ ಅವನ ಹೆಗಲ ಮೇಲೆ ಬಂದಂತಾಯಿತು.

ಎದ್ದ. ನಿಂಬೆಹಣ್ಣು ಎತ್ತಿಕೊಂಡ. ಮೆಟ್ಟಿಲ ಮೇಲೆ ಕಾಲಿಟ್ಟ.

ಹೊಸ್ತಿಲ ಮೇಲೆ ಎರಡನೆಯ ಕಾಲು ಬಿದ್ದೊಡನೆ ಬಾಗಿಲ ಮಗ್ಗುಲು ಕಿರ್ ಅಂತು. ಮನೆ ಇನ್ನೊಂದು ಬೆರಳು ವಾಲಿತು. ತಲೆಯ ಮೇಲೆ ತಗಡು ಸಪ್ಪಳ ಮಾಡಿತು. ದ್ಯಾಮಣ್ಣ ಕತ್ತು ಒಳಗೆಳೆದುಕೊಂಡು ಬಾಗಿಲ ಚೌಕಟ್ಟು ಹಿಡಿದ.

"ವಾಲತೈತ್ರಿ!"

"ವಾಲಲಿ."

"ಬೀಳತೈತ್ರಿ ಅಜ್ಜಾರ!"

"ಇದರ ಕೆಳಗ ಯಾರು ಇಟ್ಟ ಕಲ್ಲು ಅದಾವು?"

"ನಾ ಇಟ್ಟದ್ದು."

"ನೀ ಬಂದಾಗಿಂದ ದಿನಾ ರಾತ್ರಿ ಅದರ ಮ್ಯಾಲ ಮಲಗೇನಿ," ಅಂದರು ಅಜ್ಜ. "ಒಂದು ದಿನಾನೂ ಎದ್ದು ಕಲ್ಲು ನೋಡಿಲ್ಲ."

ದ್ಯಾಮಣ್ಣ ಚೌಕಟ್ಟು ಹಿಡಿದ ಬೆರಳು ಒಂದೊಂದೇ ಬಿಟ್ಟ.

ಅಜ್ಜ ನೆಲಕ್ಕೆ ಕೈಯೂರಿ ಎದ್ದರು. ಅವನ ಮೊಣಕೈ ಹಿಡಿದುಕೊಂಡು ಒಳಗೆ ನಡೆದರು. ಎರಡು ಹೆಜ್ಜೆ, ಮೂರು ಹೆಜ್ಜೆ. ಕಾಲ ಕೆಳಗೆ ಹಲಗೆ ತಾನಾಗಿ ಮೇಲೆದ್ದು ಬಂದದ್ದು ಅವನಿಗೆ ಅಂಗಾಲಿನಿಂದಲೇ ತಿಳಿಯಿತು. ಗೌಂಡಿಯ ಅಂಗಾಲು, ಅದಕ್ಕೆ ರಸಮಟ್ಟ ಬೇಕಿಲ್ಲ.

ಇಬ್ಬರೂ ದೀಪದ ಪಕ್ಕ ಎದುರುಬದುರು ಕೂತರು.

ದ್ಯಾಮಣ್ಣ ನಿಂಬೆಹಣ್ಣನ್ನು ನಡುವೆ ಇಟ್ಟು ಕೈ ತೆಗೆದ. ಅದು ಅಲ್ಲೇ ನಿಂತಿತು. ಕಿಟಕಿಯಿಂದ ಹೊಳೆಯ ಗಾಳಿ ಬಂತು, ದೀಪ ಅಲ್ಲಾಡಿತು. ಹಣ್ಣು ಅಲ್ಲಾಡಲಿಲ್ಲ.

ತಲೆಯ ಮೇಲೆ ಮಾಡು ಇತ್ತು. ಇದ್ದರೆ ಇರಲಿ ಅನ್ನಿಸಿತು.

ದ್ಯಾಮಣ್ಣ ಕೈ ಜೋಡಿಸಿದ.

"ಅಜ್ಜಾರ, ಈಗ ಹೇಳ್ರಿ. ತಮ್ಮನ ಮುಂದ ಹೆಂಗ ಹೋಗಿ ನಿಂದರಲಿ?"

ಅಜ್ಜ ನಿಂಬೆಹಣ್ಣನ್ನು ತೆಗೆದು ಅವನ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದರು.

"ದಾವಲಸಾಬ ಅವತ್ತ ಏನಂದಿದ್ದ? ನಿನ್ನ ತಮ್ಮ ದಿನಾ ಎಲ್ಲಿ ಕುಂತಿರತಾನಂತ?"