ಹೊಳೆಯ ಹಾವು ಮತ್ತು ಎರಡು ಕಾಲಿನ ಆಮೆ

ಭೂಮಿ ಇನ್ನೂ ಹೊಸದು. ಎಲ್ಲಿ ಕೂರಬೇಕೆಂದು ಬಂಡೆಗಳು ತೀರ್ಮಾನ ಮಾಡಿರಲಿಲ್ಲ. ಒಂದರ ಹೆಗಲ ಮೇಲೆ ಇನ್ನೊಂದು ಹತ್ತಿ, ಹೇಗಿದೆ ಎಂದು ನೋಡುತ್ತಿತ್ತು. ಅವುಗಳ ನಡುವೆ ದಾರಿ ಹುಡುಕುತ್ತ ಹೊಳೆ ಬಂತು.

ಸ್ವಲ್ಪ ಸರಿಯಿರಿ ಎಂದು ಹೊಳೆ ಕೇಳಿತು. ಕೆಲವು ಬಂಡೆಗಳು ಸರಿದವು. ಕೆಲವು ಸರಿಯಲಿಲ್ಲ. ಸರಿಯದ ಬಂಡೆಗಳನ್ನು ಹೊಳೆ ಸುತ್ತಿ ಹೋಯಿತು. ಹಾಗಾಗಿ ಅಲ್ಲಿ ನೀರು ಒಂದು ಕಡೆ ಓಡುತ್ತಿತ್ತು, ಒಂದು ಕಡೆ ಗಿರಗಿರ ತಿರುಗುತ್ತಿತ್ತು, ಮತ್ತೊಂದು ಕಡೆ ಏನೋ ನೆನಪಾದಂತೆ ಸುಮ್ಮನೆ ನಿಂತುಬಿಡುತ್ತಿತ್ತು.

ಆ ನೀರಿನಲ್ಲಿ ನೀರುನಾಯಿಗಳ ಒಂದು ಸಂಸಾರವಿತ್ತು. ತಾಯಿ, ತಂದೆ, ಐದು ಮರಿ. ತಿರುಗುವ ನೀರಿಗೆ ಸಿಕ್ಕಿ ಮರಿಗಳು ದಿಕ್ಕಿಗೊಂದು ಹೋಗಿಬಿಡುತ್ತಿದ್ದವು. ತಾಯಿ ಹೊಳೆಗೆ ದೂರು ಹೇಳಿತು. ಓಡುವುದನ್ನು ನಿಲ್ಲಿಸಲು ನನಗೆ ಬರುವುದಿಲ್ಲ, ನೀವೇ ಒಬ್ಬರ ಹಿಂದೊಬ್ಬರು ಬನ್ನಿ ಎಂದಿತು ಹೊಳೆ.

ಅಂದಿನಿಂದ ನೀರುನಾಯಿಗಳು ಸಾಲಾಗಿ ಈಜತೊಡಗಿದವು. ಮುಂದಿನದರ ಬಾಲಕ್ಕೆ ಹಿಂದಿನದರ ಮೂಗು. ಒಂದು ಮುಳುಗಿದರೆ ಒಂದು ಏಳುತ್ತಿತ್ತು, ಒಂದು ಎದ್ದರೆ ಒಂದು ಮುಳುಗುತ್ತಿತ್ತು. ಮುಂದೆ ತಾಯಿ. ಎಲ್ಲರಿಗಿಂತ ಹಿಂದೆ, ಯಾವಾಗಲೂ ಸ್ವಲ್ಪ ತಡವಾಗಿ, ಕಿರಿಮರಿ.

ಹೊಳೆಯ ಎರಡೂ ದಡಗಳಲ್ಲಿ ಜನರಿದ್ದರು. ಅವರನ್ನು ದಾಟಿಸುವವನು ಗಾಳೆಪ್ಪ ಒಬ್ಬನೇ. ಬಿದಿರು ಹೆಣೆದು, ತೊಗಲು ಹೊದಿಸಿ ಅವನು ಹರಿಗೋಲು ಮಾಡಿಕೊಂಡಿದ್ದ. ಹರಿಗೋಲು ಎಂದರೆ ದೊಡ್ಡ ಬುಟ್ಟಿಯಂಥ ದುಂಡು ದೋಣಿ. ಅದಕ್ಕೆ ಮುಂದು ಇಲ್ಲ, ಹಿಂದು ಇಲ್ಲ. ಅದಕ್ಕೇ ಅದು ತಿರುಗುತ್ತ ತಿರುಗುತ್ತ ಸಾಗುತ್ತದೆ. ಸೆಳವು ಅದನ್ನು ಕೆಳಕ್ಕೆ ಒಯ್ಯುತ್ತದೆ. ಆದ್ದರಿಂದ ದಡ ಮುಟ್ಟಿದ ಮೇಲೆ ಗಾಳೆಪ್ಪ ಹರಿಗೋಲನ್ನು ತಲೆಯ ಮೇಲೆ ಕವುಚಿ ಹೊತ್ತು, ದೋಣಿ ಹತ್ತುವ ಮೇಲಿನ ಕಡವಿಗೆ ನಡೆದು, ಮತ್ತೆ ನೀರಿಗೆ ಇಳಿಸುತ್ತಿದ್ದ.

ಈಚೆ ದಡದಲ್ಲಿ ಹುಲಿಗೆವ್ವ ಎಂಬವಳಿದ್ದಳು. ಅವಳ ಮಗಳು ಪಾರವ್ವನನ್ನು ಆಚೆ ದಡಕ್ಕೆ ಕೊಟ್ಟಿತ್ತು. ಪಾರವ್ವ ಈಗ ಚೊಚ್ಚಲ ಬಸುರಿ. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು. ಹುಲಿಗೆವ್ವ ನೀರು ಕಾಯಿಸಲು ಕಟ್ಟಿಗೆ ಕೂಡಿಟ್ಟಳು, ಬಾಣಂತಿಗೆ ಕೊಡುವ ಅಂಟಿನುಂಡೆಗೆ ಬೆಲ್ಲ ತೆಗೆದಿಟ್ಟಳು. ಮಗಳನ್ನು ಕರೆದುಕೊಂಡು ಬಾ ಎಂದು ಗಾಳೆಪ್ಪನನ್ನು ಕಳಿಸಿದಳು.

ಅಂದು ಬೆಳಿಗ್ಗೆ ಹೊಳೆಯ ಮೇಲೆ ಮಂಜು ಕವಿದಿತ್ತು. ಗಾಳೆಪ್ಪ ನಡುಹೊಳೆಗೆ ಬಂದಾಗ ಹರಿಗೋಲು ಎಂದಿನಂತೆ ತಿರುಗುತ್ತಿತ್ತು. ಮಂಜಿನಲ್ಲಿ ಅವನಿಗೆ ಕಪ್ಪಗೆ ಒಂದು ತಲೆ ಕಂಡಿತು. ಹರಿಗೋಲು ತಿರುಗಿತು. ನೀರಿನ ಮೇಲೆ ಉಬ್ಬಿದ ಡುಬ್ಬಗಳು ಕಂಡವು. ಮತ್ತೆ ತಿರುಗಿತು. ಬಾಲ ಕಂಡಿತು. ಮತ್ತೊಮ್ಮೆ ತಿರುಗಿತು. ಮತ್ತೆ ತಲೆ. ಮುಂದೆ ನೋಡಿದರೆ ಹಾವು, ಹಿಂದೆ ನೋಡಿದರೆ ಹಾವು. ಗಾಳೆಪ್ಪ ಬಂದ ದಾರಿಯಲ್ಲೇ ವಾಪಸು ಬಂದ. ಪಾರವ್ವನನ್ನು ಕರೆತರಲಿಲ್ಲ.

ಹೊಳೆಯಷ್ಟು ಉದ್ದದ ಹಾವು ತನ್ನನ್ನು ಸುತ್ತಿಕೊಂಡಿತ್ತು ಎಂದು ಅವನು ಹೇಳಿದ. ಹೊಳೆಯನ್ನು ಅವನಷ್ಟು ಬಲ್ಲವರು ಯಾರೂ ಇರಲಿಲ್ಲವಾದ್ದರಿಂದ ಎಲ್ಲರೂ ನಂಬಿದರು. ಆಚೆ ದಡಕ್ಕೆ ಕೂಗಿ ಹೇಳಿದರು. ಕೂಗನ್ನು ಗಾಳಿ ಹೊತ್ತೊಯ್ದಿತು. ಗಾಳಿಗೆ ಎಲ್ಲವನ್ನೂ ಸ್ವಲ್ಪ ದೊಡ್ಡದು ಮಾಡುವ ಅಭ್ಯಾಸ. ಆಚೆ ಮುಟ್ಟುವಷ್ಟರಲ್ಲಿ ಹಾವಿಗೆ ಕೊಂಬು ಬಂದಿತ್ತು. ಕಲ್ಲುಕುಟಿಗನೊಬ್ಬ ಕಡವಿನ ಬಂಡೆಯ ಮೇಲೆ ಹಾವನ್ನು ಕೆತ್ತಿದ, ತಿಳಿಯದೆ ಯಾರೂ ನೀರಿಗಿಳಿಯದಿರಲಿ ಎಂದು. ಹರಿಗೋಲು ಗಾಳೆಪ್ಪನ ಮನೆಯ ಮುಂದೆ ಬೋರಲು ಬಿತ್ತು.

ದಿನಾ ಮಧ್ಯಾಹ್ನ ಪಾರವ್ವ ಆಚೆ ದಡಕ್ಕೆ ನೀರಿಗೆ ಬರುತ್ತಿದ್ದಳು. ಸೊಂಟದ ಮೇಲೆ ಕೈಯಿಟ್ಟು ನಿಧಾನ ನಡೆಯುವ ಮಗಳನ್ನು ಹುಲಿಗೆವ್ವ ಈಚೆಯಿಂದ ನೋಡುತ್ತಿದ್ದಳು. ಒಂದು ದಿನ ಪಾರವ್ವ ಬರಲಿಲ್ಲ. ಅವಳ ಅತ್ತೆ ಬಂದು ದಡದಲ್ಲಿ ನಿಂತು, ನೋವು ಶುರುವಾಗಿದೆ, ಬಾ ಎಂಬಂತೆ ಸೆರಗು ಬೀಸಿದಳು.

ಹುಲಿಗೆವ್ವ ಗಾಳೆಪ್ಪನ ಮನೆಗೆ ಹೋಗಿ ಹರಿಗೋಲು ಎತ್ತಿ ತಲೆಯ ಮೇಲೆ ಕವುಚಿಕೊಂಡಳು. ಕಟ್ಟೆಯ ಮೇಲಿದ್ದವರು ನಕ್ಕರು. ಸೌಟು ತಿರುವಿದ ಕೈಗೆ ಹುಟ್ಟು ಹಾಕಲು ಬರುತ್ತದೆಯೇ ಎಂದು ಒಬ್ಬ ಕೇಳಿದ. ಗಾಳೆಪ್ಪ ನಗಲಿಲ್ಲ.

"ಯಕ್ಕಾ, ಹೋಗಬ್ಯಾಡ. ನಾ ಕಣ್ಣಾರೆ ನೋಡೀನಿ," ಎಂದ.

"ಅಲ್ಲಿ ನನ್ನ ಮಗಳು ಒಬ್ಬಾಕಿ ಅದಾಳಪ್ಪ," ಎಂದಳು ಹುಲಿಗೆವ್ವ.

ಗಾಳೆಪ್ಪ ಒಳಗೆ ಹೋಗಿ ಹುಟ್ಟು ತಂದು ಅವಳ ಕೈಗೆ ಕೊಟ್ಟ.

ಹುಟ್ಟು ಹಾಕಲು ಅವಳಿಗೆ ನಿಜಕ್ಕೂ ಬರುತ್ತಿರಲಿಲ್ಲ. ಹರಿಗೋಲು ಮುಂದೆ ಹೋಗಿದ್ದು ಕಡಿಮೆ, ತಿರುಗಿದ್ದೇ ಹೆಚ್ಚು. ನಡುಹೊಳೆಯಲ್ಲಿ ಕಪ್ಪು ತಲೆ ಎದ್ದಿತು. ಹರಿಗೋಲು ತಿರುಗಿತು. ಡುಬ್ಬಗಳು. ಮತ್ತೆ ತಿರುಗಿತು. ಬಾಲ. ಮತ್ತೊಮ್ಮೆ ತಿರುಗಿತು. ಮತ್ತೆ ತಲೆ. ಎಲ್ಲವೂ ಗಾಳೆಪ್ಪ ಹೇಳಿದ ಹಾಗೆಯೇ ಇತ್ತು.

ಹುಲಿಗೆವ್ವನಿಗೆ ಹೆದರಿಕೆಯಾಯಿತು. ತಲೆಯೂ ಸುತ್ತಿತು. "ಹೊಳೆವ್ವಾ, ಒಂದು ಗಳಿಗಿ ತಿರುಗಸೋದು ನಿಲ್ಲಸು. ನುಂಗೋದಾದರ ಅದು ನನ್ನ ಮುಖ ನೋಡಿ ನುಂಗಲಿ," ಎಂದಳು.

"ನಾ ಎಲ್ಲಿ ತಿರುಗಸಾಕತ್ತೀನಿ?" ಎಂದಿತು ಹೊಳೆ. "ನೀನು ಒಂದ ಕಡೆ ಹುಟ್ಟು ಹಾಕತೀದಿ. ಅದನ್ನ ಮೇಲೆ ಎತ್ತು."

ಅವಳು ಹುಟ್ಟು ಎತ್ತಿದಳು. ಪಕ್ಕದಲ್ಲೇ ಒಂದು ಬಂಡೆಯಿತ್ತು, ಎಂದೂ ಸರಿಯದ ಬಂಡೆ. ಅದರ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹರಿಗೋಲು ನಿಂತಿತು. ಬಂಡೆಗಳು ನಿಂತಲ್ಲಿ ನಿಂತವು, ದಡ ನಿಂತಲ್ಲಿ ನಿಂತಿತು. ಹಾವು ಮಾತ್ರ ಅವಳ ಮುಂದೆಯೇ ಬಿಡಿಬಿಡಿಯಾಯಿತು. ಒಂದು ನೀರುನಾಯಿ, ಅದರ ಹಿಂದೊಂದು, ಅದರ ಹಿಂದೆ ಮರಿಗಳು. ಕೊನೆಯದು ಹರಿಗೋಲಿನ ಈಚೆ ಉಳಿದುಬಿಟ್ಟು, ಸಿಳ್ಳೆ ಹಾಕುತ್ತ ಅಳುತ್ತಿತ್ತು.

ಹುಲಿಗೆವ್ವ ಹುಟ್ಟನ್ನು ನೀರಿಗೆ ಚಾಚಿದಳು. ಕಿರಿಮರಿ ಅದನ್ನು ಹಿಡಿದುಕೊಂಡಿತು. ಅವಳು ಅದನ್ನು ಸಾಲಿನತ್ತ ಸಾಗಿಸಿದಳು. ತಾಯಿ ನೀರುನಾಯಿ ಮರಿಯನ್ನು ಮೂಸಿ ನೋಡಿತು, ಆಮೇಲೆ ಹುಲಿಗೆವ್ವನನ್ನು ನೋಡಿತು.

"ನೀನು ಆಮಿ ಅಲ್ಲೇನು?" ಎಂದು ಕೇಳಿತು.

"ಯಾವ ಆಮಿ?"

"ಎರಡು ಕಾಲಿನ ಆಮಿ. ದಡದ ಮ್ಯಾಲೆ ಬಂದರ ಅದಕ್ಕ ತಲಿ ಇರೂದಿಲ್ಲ, ದೊಡ್ಡ ಚಿಪ್ಪು, ಎರಡ ಕಾಲು. ನೀರಿಗಿಳಿದರ ಕಾಲು ಮಾಯ. ಚಿಪ್ಪು ಅಂಗಾತ ಆಗಿ ಹೊಟ್ಟಿಯೊಳಗಿಂದ ತಲಿ ಹೊರಗ ಬರತೈತಿ. ಮರಿ ನುಂಗಾಕ ಗಿರಗಿರ ತಿರುಗತೈತಿ. ಅದರ ಹೆದರಿಕೀಗೆ ನಾವು ಮರಿ ಕರಕೊಂಡು ದಡ ಹತ್ತೇ ಇಲ್ಲ."

ಹುಲಿಗೆವ್ವನಿಗೆ ಹರಿಗೋಲು ಹೊತ್ತು ನಡೆಯುವ ಗಾಳೆಪ್ಪ ಕಣ್ಣ ಮುಂದೆ ಬಂದ. ಅದು ಆಮೆಯಲ್ಲ, ಹರಿಗೋಲು ಹೊತ್ತ ತಮ್ಮ ಅಂಬಿಗ ಎಂದು ಹೇಳಿ, ಎಷ್ಟೋ ದಿನದ ಮೇಲೆ ಅವಳು ನಕ್ಕಳು. ನಕ್ಕ ಮೇಲೆ ಮಗಳ ನೆನಪಾಗಿ ಕಣ್ಣು ತುಂಬಿತು. ಆಚೆ ದಡದಲ್ಲಿ ಮಗಳು ನೋವು ತಿನ್ನುತ್ತಿದ್ದಾಳೆ, ತನಗೆ ಹುಟ್ಟು ಹಾಕಲು ಬರುವುದಿಲ್ಲ ಎಂದು ಆ ತಾಯಿಗೆ ಈ ತಾಯಿ ಹೇಳಿಕೊಂಡಳು.

ತಾಯಿ ನೀರುನಾಯಿ ಮರಿಗಳನ್ನು ಕರೆಯಿತು. ಸಾಲು ಕಟ್ಟಿ ಮುಂದೆ ಹೊರಟಿತು. ನೀನೂ ಹಿಂದೆ ಬಾ ಎಂದಿತು ಕಿರಿಮರಿ. ಇನ್ನು ಮುಂದೆ ಕೊನೆಯವನು ತಾನಲ್ಲ ಎಂದು ಅದಕ್ಕೆ ಖುಷಿಯಾಗಿತ್ತು. ಅದರ ಬಾಲದ ಮೇಲೆಯೇ ಕಣ್ಣಿಟ್ಟು, ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಹುಟ್ಟು ಹಾಕುತ್ತ ಹುಲಿಗೆವ್ವ ಬಂಡೆಗಳ ನಡುವೆ ಸಾಗಿದಳು. ಹರಿಗೋಲು ತಿರುಗಲಿಲ್ಲ.

ದಡ ಮುಟ್ಟಿದಾಗ ಅವಳು ಹೇಳಿದಳು: "ಇನ್ನ ಮ್ಯಾಲೆ ದಡಕ್ಕ ಬಂದ ಕೂಡಲೇ ಎದ್ದು ನಿಲ್ರಿ. ನಮ್ಮ ಮಂದಿ ನಿಮ್ಮನ್ನ ಬಿಡಿಬಿಡಿಯಾಗಿ ನೋಡಲಿ. ಹಾವಿಗೆ ಕೈ ಕಟ್ಟಿ ನಿಲ್ಲಾಕ ಬರೂದಿಲ್ಲ."

ತಾಯಿ ನೀರುನಾಯಿ ಯೋಚಿಸಿತು. "ಹಂಗಾದರ ನಿಮ್ಮವನೂ ಚಿಪ್ಪು ಇಳಿಸಿ ಮುಖ ತೋರಸಲಿ," ಎಂದಿತು.

ಅಂದು ಹೊತ್ತು ಮುಳುಗುವ ಮೊದಲು ಪಾರವ್ವ ಹೆಣ್ಣು ಮಗುವನ್ನು ಹೆತ್ತಳು. ತಾಯಿಯ ಕೈ ಹಿಡಿದುಕೊಂಡೇ ಹೆತ್ತಳು. ತವರೇ ಹೊಳೆ ದಾಟಿ ಬಂದಿತ್ತು.

ಸ್ವಲ್ಪ ದಿನಗಳ ಮೇಲೆ ಹುಲಿಗೆವ್ವ ಮಗಳನ್ನೂ ಮೊಮ್ಮಗಳನ್ನೂ ಹರಿಗೋಲಿನಲ್ಲಿ ಕೂರಿಸಿಕೊಂಡು ಈಚೆಗೆ ಬಂದಳು. ಕಡವಿನಲ್ಲಿ ಜನ ಸೇರಿದ್ದರು. ಅವಳು ನಡೆದದ್ದನ್ನೆಲ್ಲ ಹೇಳಿದಳು. ಕಟ್ಟೆಯ ಮೇಲೆ ನಕ್ಕವನು ಈಗ ಗಾಳೆಪ್ಪನ ಕಡೆ ನೋಡಿ ನಕ್ಕ. ಗಾಳೆಪ್ಪ ತಲೆ ತಗ್ಗಿಸಿದ.

"ನಾ ಸುಳ್ಳು ಹೇಳಿದ್ನೇನು ಯಕ್ಕಾ?"

"ಇಲ್ಲಪ್ಪ. ನೀ ಕಂಡದ್ದನ್ನ ಹೇಳಿದಿ. ಹರಿಗೋಲು ತಿರುಗೂದನ್ನ ಹೇಳಲಿಲ್ಲ, ಅಷ್ಟ," ಎಂದು ಹುಲಿಗೆವ್ವ ಮೊಮ್ಮಗಳನ್ನು ಅವನ ಕೈಗೆ ಕೊಟ್ಟಳು.

ಬಂಡೆಯ ಮೇಲಿನ ಹಾವನ್ನು ಅಳಿಸಲೇ ಎಂದು ಕಲ್ಲುಕುಟಿಗ ಕೇಳಿದ. ಅಷ್ಟು ಚೆನ್ನಾಗಿ ಕೆತ್ತಿದ್ದನ್ನು ಅಳಿಸುವುದು ಯಾರಿಗೂ ಇಷ್ಟವಾಗಲಿಲ್ಲ. ಹಾವು ಬಂಡೆಯ ಮೇಲೆ ಉಳಿಯಿತು. ಅದನ್ನು ನೋಡಿದವರು ಬೇರೆ ಊರುಗಳಿಗೆ ಹೋಗಿ ಕಥೆ ಹೇಳಿದರು. ಕೊಂಬಿನ ಹಾವು ಅಲ್ಲೆಲ್ಲ ಇನ್ನೂ ಬದುಕಿದೆ.

ಆ ಹೊಳೆಯ ದಡಕ್ಕೆ ಹೋದರೆ ನೀನೂ ನೋಡಬಹುದು. ಹರಿಗೋಲು ಹೊತ್ತು ಬಂದ ಅಂಬಿಗ ಅದನ್ನು ಇಳಿಸಿ, ಬೆನ್ನು ನೆಟ್ಟಗೆ ಮಾಡಿ, ಒಮ್ಮೆ ಹೊಳೆಯತ್ತ ಮುಖ ತೋರಿಸುತ್ತಾನೆ. ನೀರಿನಿಂದ ಹೊರಬಂದ ನೀರುನಾಯಿಯೂ ಹಿಂಗಾಲ ಮೇಲೆ ಎದ್ದು, ಮುಂಗಾಲುಗಳನ್ನು ಎದೆಗೆ ಹಚ್ಚಿ, ಕತ್ತು ಚಾಚಿ ನಿನ್ನನ್ನೇ ನೋಡುತ್ತದೆ. ತಾನು ಹಾವಲ್ಲ ಎಂದು ನಿನಗೆ ತಿಳಿಯುವವರೆಗೂ ಅದು ಹಾಗೆಯೇ ನಿಂತಿರುತ್ತದೆ.