ಕರಡಿ ಬಡಗಿಯ ಗಾಡಿ

ಕರಡಿ ಬಡಗಿ ಮಾಡಿಕೊಟ್ಟ ಗಾಡಿಯ ಅಚ್ಚು ಮೂರನೆಯ ಸಲ ಮುರಿದಾಗ ಅದರಲ್ಲಿ ಕೂತಿದ್ದ ಎಮ್ಮೆಯ ಕರು ಉರುಳಿ ಬಿತ್ತು. ಎಮ್ಮೆ ಕರುವಿನ ಮೊಣಕಾಲು ನೆಕ್ಕಿ, ಮುರಿದ ಅಚ್ಚನ್ನು ಹೊತ್ತು ಬಡಗಿಯ ಬಳಿ ಹೋಯಿತು.

"ನಿನ್ನ ನಡಿಗೆಯೇ ಸರಿಯಿಲ್ಲ ಅಕ್ಕ," ಎಂದಿತು ಕರಡಿ. "ಯಾರಿಗೂ ಹೇಳಬೇಡ, ನಿನಗೇ ಅವಮಾನ."

ಹಿಂದೆ ಎರಡು ಸಲ ಎಮ್ಮೆ ಅದನ್ನೇ ನಂಬಿ ನಾಚಿ ಸುಮ್ಮನಾಗಿತ್ತು. ಈ ಸಲ ಕರು ಕುಂಟುವುದನ್ನು ನೋಡಲಾರದೆ ಕತ್ತೆಯ ಹತ್ತಿರ ಹೇಳಿಕೊಂಡಿತು. ಕತ್ತೆ ಬೆಚ್ಚಿಬಿದ್ದು, ಹುಲ್ಲಿನ ಬಣವೆಯಲ್ಲಿ ಬಚ್ಚಿಟ್ಟಿದ್ದ ತನ್ನ ಮುರಿದ ಅಚ್ಚನ್ನು ಎಳೆದು ತಂದಿತು. ಸುದ್ದಿ ಕೇಳಿ ಕುದುರೆಯೂ ತನ್ನದನ್ನು ತಂದಿತು.

ಬಡಗಿಯ ಅಂಗಳದಲ್ಲಿ ಮೂರನ್ನೂ ಸಾಲಾಗಿ ಇಟ್ಟವು. ಮೂರೂ ಗಾಲಿಯಿಂದ ಒಂದು ಗೇಣು ದೂರದಲ್ಲೇ ಮುರಿದಿದ್ದವು.

"ಮೂವರ ನಡಿಗೆಯೂ ಕೆಟ್ಟದ್ದು," ಎಂದಿತು ಕರಡಿ.

"ಹಾಗಾದರೆ ನೀನೇ ಎಳೆ ಅಣ್ಣ," ಎಂದಿತು ಎಮ್ಮೆ. "ನಿನ್ನ ಮರಿಯನ್ನು ನೀನು ಮಾಡಿಟ್ಟಿರುವ ಈ ಹೊಸ ಗಾಡಿಯಲ್ಲಿ ಕೂರಿಸಿ ಹಳ್ಳದವರೆಗೆ ಹೋಗಿ ಬಾ."

ಅಲ್ಲೇ ಆಡುತ್ತಿದ್ದ ಮರಿ ಕುಣಿಯುತ್ತಾ ಗಾಡಿ ಹತ್ತಿಯೇ ಬಿಟ್ಟಿತು. ಕರಡಿ ನೊಗ ಮುಟ್ಟಿತು, ಮರಿಯ ಮುಖ ನೋಡಿತು, ಮೆಲ್ಲಗೆ ಅದನ್ನು ಎತ್ತಿ ಕೆಳಗಿಳಿಸಿತು.

"ಎಲ್ಲರ ಅಚ್ಚನ್ನೂ ಬದಲಿಸುತ್ತೇನೆ," ಎಂದಿತು ತಲೆ ಎತ್ತದೆ. "ಅಲ್ಲಿಯವರೆಗೆ ನಿನ್ನ ಕರುವನ್ನು ನಾನೇ ಹೊರುತ್ತೇನೆ ಅಕ್ಕ."

"ಹೊರುವೆಯಂತೆ," ಎಂದಿತು ಎಮ್ಮೆ. "ಮೊದಲು ಉಳಿ ಹಿಡಿ."