ಪ್ರಾರ್ಥನೆಯಲ್ಲಿ ಕೇಳಿಸಿಕೊಂಡದ್ದು

ಕಾವೇರಿಯ ದಡದಲ್ಲಿ ಇನ್ನಾಸಪ್ಪ ಸ್ವಾಮಿಗಳ ಆಶ್ರಮವಿತ್ತು. ಹೆಂಚು ಹೊದಿಸಿದ ಪ್ರಾರ್ಥನಾ ಮಂದಿರ, ಒಳಗೊಂದು ಮರದ ಶಿಲುಬೆ, ಹೊರಗೆ ಹೊಂಗೆಮರದ ಕೆಳಗೆ ಕಲ್ಲುಬೆಂಚು. ಅಷ್ಟೇ.

ಎಫ್ರೇಮ ಹರೆಯದಲ್ಲಿ ಅಲ್ಲಿಯೇ ಇದ್ದು ಜಪ, ಮೌನಗಳನ್ನು ಕಲಿತವನು. ಆಮೇಲೆ ಅವನಿಗೆ ಪೋಕರ್ ಎಂಬ ಇಸ್ಪೀಟಾಟದ ಹುಚ್ಚು ಹಿಡಿಯಿತು. ದೊಡ್ಡ ಟೂರ್ನಮೆಂಟುಗಳಲ್ಲಿ ಆಡಿ ಹೆಸರು ಮಾಡಿದ. ಊರಿನ ಚರ್ಚಿನವರು ಇಸ್ಪೀಟಿನವನು ಎಂದು ಮುಖ ತಿರುಗಿಸಿದರು. ಸ್ವಾಮಿಗಳು ತಿರುಗಿಸಲಿಲ್ಲ.

"ಆ ಮೇಜಿನ ಮುಂದೆಯೂ ಕ್ರಿಸ್ತನವನಾಗಿ ಕೂರಬಲ್ಲೆಯಾ?" ಎಂದಷ್ಟೇ ಕೇಳಿದರು.

"ಪ್ರಯತ್ನ ಮಾಡ್ತೀನಿ ಸ್ವಾಮಿ."

"ಹಾಗಾದರೆ ಹೋಗು. ಆಗದೆ ಹೋದ ದಿನ ಬಾ."

ಅವನು ಪ್ರಯತ್ನ ಮಾಡಿದ. ಕುಡಿಯಲಿಲ್ಲ. ಸೋತವರನ್ನು ಹಂಗಿಸಲಿಲ್ಲ. ತನ್ನನ್ನು ಸೋಲಿಸಿದವರ ಕೈಕುಲುಕದೆ ಎದ್ದದ್ದಿಲ್ಲ. ಭಾನುವಾರದ ಪೂಜೆ ತಪ್ಪಿಸಲಿಲ್ಲ. ಹೀಗೇ ವರ್ಷಗಳು ಕಳೆದವು.

ಒಂದು ಮಧ್ಯಾಹ್ನ ಅವನು ಬಂದ. ಕಲ್ಲುಬೆಂಚಿನ ಮೇಲೆ ಕೂತಿದ್ದ ಸ್ವಾಮಿಗಳಿಗೆ ನಮಸ್ಕರಿಸಿ ನೆಲದ ಮೇಲೆ ಕೂತ.

"ಪ್ರಾರ್ಥನೆ ಬರ್ತಾ ಇಲ್ಲ ಸ್ವಾಮಿ. ಕಣ್ಣು ಮುಚ್ಚಿದರೆ ಒಂದು ಮುಖ ಬರುತ್ತೆ."

"ಯಾರದು?"

"ವಲೇರಿಯನ್‌ದು."

ವಲೇರಿಯನ್ ಕಾರವಾರದವನು. ಅವನೂ ಆಟಗಾರ, ಅವನೂ ದೇವರಿಗೆ ಅಂಜಿ ನಡೆಯುವವನು. ಪ್ರತಿ ಟೂರ್ನಮೆಂಟಿಗೆ ಮುಂಚೆ ಇಬ್ಬರೂ ಗದ್ದಲವಿಲ್ಲದ ಒಂದು ಮೂಲೆ ಹುಡುಕಿ, ಕೈ ಹಿಡಿದುಕೊಂಡು ಪ್ರಾರ್ಥಿಸುತ್ತಿದ್ದರು. ಗೆಲುವನ್ನು ಮಾತ್ರ ಬೇಡಬಾರದು ಎಂಬುದು ಅವರಿಬ್ಬರ ನಡುವಿನ ಮಾತು.

ಈ ಸಲ ಪಣಜಿಯಲ್ಲಿ, ನದಿಯಲ್ಲಿ ನಿಂತ ಜೂಜಾಟದ ಹಡಗಿನ ಮೇಲೆ, ವಲೇರಿಯನ್ ಬೇಡಿದ್ದ. ಮನೆಯಲ್ಲಿ ಅವನ ಹೆಂಡತಿ ಫ್ಲೋರಿನ್ ಹಾಸಿಗೆ ಹಿಡಿದಿದ್ದಳು. ಡಾಕ್ಟರು ಕೈಚೆಲ್ಲಿದ್ದರು. ಹೋಗಿ ಬಾ ಎಂದು ಅವಳೇ ಕಳಿಸಿದ್ದಳು.

"ದೇವರೇ, ಕೊನೆಯ ಸುತ್ತಿನ ಮೇಜಿನವರೆಗೆ ನನ್ನನ್ನು ಉಳಿಸು," ಎಂದಿದ್ದ ವಲೇರಿಯನ್. "ನಾನು ಉಳಿದರೆ ಅವಳೂ ಉಳಿಯುತ್ತಾಳೆ ಅಂತ ನಂಬುತ್ತೇನೆ." ಅವನ ಕೈ ಹಿಡಿದಿದ್ದ ಎಫ್ರೇಮನಿಗೆ ಒಂದೊಂದು ಮಾತೂ ಕೇಳಿಸಿತ್ತು.

"ಆಮೇಲೆ?" ಎಂದರು ಸ್ವಾಮಿಗಳು.

"ಸಂಜೆ ಹೊತ್ತಿಗೆ ಇಬ್ಬರೂ ಒಂದೇ ಮೇಜಿಗೆ ಬಂದೆವು. ಅವನಿಗೆ ಒಳ್ಳೆಯ ಎಲೆ ಬಿದ್ದಿದೆ ಅಂತ ಮುಖದಲ್ಲೇ ಕಂಡಿತು. ನನ್ನ ಕೈಯಲ್ಲಿ ಏನೂ ಇರಲಿಲ್ಲ. ಆದರೆ ಇವತ್ತು ಇವನು ಎಲ್ಲವನ್ನೂ ಪಣಕ್ಕೆ ಇಡಲಾರ ಅಂತ ನನಗೆ ಗೊತ್ತಿತ್ತು. ಸೋತರೆ ಟೂರ್ನಮೆಂಟಿನಿಂದಲೇ ಹೊರಗೆ. ನನ್ನ ಮುಂದಿದ್ದ ಪಣದ ಬಿಲ್ಲೆಗಳನ್ನೆಲ್ಲ ನಡುವಿಗೆ ತಳ್ಳಿದೆ. ಅವನೂ ಅಷ್ಟನ್ನೂ ಇಡಬೇಕು, ಇಲ್ಲ ಆ ಸಲಕ್ಕೆ ಆಟ ಬಿಡಬೇಕು. ಅವನು ಬಹಳ ಹೊತ್ತು ನನ್ನನ್ನೇ ನೋಡಿದ. ಕೊನೆಗೆ ಎಲೆ ಕೆಳಗಿಟ್ಟು ಬಿಟ್ಟುಕೊಟ್ಟ. ಅಲ್ಲಿಂದ ಅವನ ಆಟ ಕುಸಿಯಿತು. ಕೊನೆಯ ಮೇಜು ಮುಟ್ಟುವ ಮೊದಲೇ ಎದ್ದು ಹೋದ."

"ಏನಾದರೂ ಅಂದನೇ?"

"ಕೈ ಕುಲುಕಿದ. ಚೆನ್ನಾಗಿ ಆಡಿದೆ ಅಂದ."

ಹೊಂಗೆಯ ಹೂವು ಇಬ್ಬರ ಮೇಲೂ ಉದುರುತ್ತಿತ್ತು.

"ಕೈಯಲ್ಲಿರೋದನ್ನ ಮುಚ್ಚಿಡೋದು ಆಟದಲ್ಲಿ ಸುಳ್ಳಲ್ಲ ಸ್ವಾಮಿ. ಕೂತವರೆಲ್ಲ ಅದಕ್ಕೆ ಒಪ್ಪಿಯೇ ಕೂತಿರ್ತಾರೆ."

"ಸುಳ್ಳಲ್ಲ."

"ಹಾಗಾದರೆ ನಾನು ಮಾಡಿದ ತಪ್ಪೇನು?"

ಸ್ವಾಮಿಗಳು ಬೆಂಚಿನಿಂದ ಮೆಲ್ಲಗೆ ಇಳಿದು, ಅವನೆದುರು ನೆಲದ ಮೇಲೆ ಕೂತರು.

"ಎದುರಾಳಿಯ ಮುಖ ನೋಡ್ತೀಯಲ್ಲ, ಹಾಗೆ ನನ್ನ ಮುಖ ನೋಡು. ಏನು ಕಾಣುತ್ತೆ?"

ಎಫ್ರೇಮ ತಲೆ ತಗ್ಗಿಸಿದ. "ಬೇಡ ಸ್ವಾಮಿ."

"ಹೇಳು."

"ಹೊಟ್ಟೆಯಲ್ಲಿ ನೋವಿದೆ. ಉಸಿರು ಎಳೆಯುವಾಗ ಅರ್ಧಕ್ಕೆ ತಡೀತೀರಿ. ಬಹಳ ದಿನದಿಂದ ಇದೆ. ಆಶ್ರಮದಲ್ಲಿ ಯಾರಿಗೂ ಹೇಳಿಲ್ಲ."

"ಯಾವಾಗ ಗೊತ್ತಾಯಿತು?"

"ದೂರದಿಂದ ನಿಮ್ಮನ್ನ ಕಂಡಾಗಲೇ."

ಹಾಗೆಂದವನಿಗೆ ತಾನಾಡಿದ ಮಾತೇ ತನಗೆ ತಾಗಿತು. ಬಂದು ಇಷ್ಟು ಹೊತ್ತಾಗಿತ್ತು. ಏನಾಗಿದೆ ಸ್ವಾಮಿ ಎಂದು ಅವನು ಒಂದು ಮಾತು ಕೇಳಿರಲಿಲ್ಲ.

"ತಿಳಿದದ್ದನ್ನ ಏನು ಮಾಡ್ತೀಯ ಎಫ್ರೇಮ?"

"ಇಟ್ಟುಕೊಳ್ತೀನಿ."

"ಯಾತಕ್ಕೆ?"

ಎಫ್ರೇಮ ಮಡಿಲಲ್ಲಿ ಬಿದ್ದಿದ್ದ ಹೊಂಗೆಯ ಹೂವನ್ನು ಕೊಡವಿದ.

"ಕಾರವಾರಕ್ಕೆ ಹೋಗು," ಎಂದರು ಸ್ವಾಮಿಗಳು.

"ಮೊದಲು ನಿಮ್ಮನ್ನ ಆಸ್ಪತ್ರೆಗೆ ಕರೆದುಕೊಂಡು ಹೋಗ್ತೀನಿ."

"ಮೊದಲು ಕಾರವಾರ."

"ಅವನಿಗೆ ಏನಂತ ಹೇಳಲಿ?"

"ಏನನ್ನೂ ಇಟ್ಟುಕೊಳ್ಳಬೇಡ."

ಎಫ್ರೇಮ ಹೋದ. ವಲೇರಿಯನ್‌ನ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಫ್ಲೋರಿನ್‌ಳ ಪಟದ ಮುಂದೆ ಮೇಣದಬತ್ತಿ ಉರಿಯುತ್ತಿತ್ತು. ಮಣ್ಣು ಮಾಡಿ ಬಹಳ ದಿನವಾಗಿರಲಿಲ್ಲ. ವಲೇರಿಯನ್ ಅವಳ ಸೀರೆಗಳನ್ನು ಕಪಾಟಿನಿಂದ ತೆಗೆದು ಹರಡಿಕೊಂಡು ಕೂತಿದ್ದ. ಕಾನ್ವೆಂಟಿನ ಸಿಸ್ಟರುಗಳಿಗೆ ಕೊಟ್ಟರೆ ಬಡವರಿಗೆ ಹಂಚುತ್ತಾರೆ ಎಂದ. ಒಬ್ಬನಿಗೇ ಮಡಚಲು ಬರುತ್ತಿರಲಿಲ್ಲ. ಎಫ್ರೇಮ ಇನ್ನೊಂದು ತುದಿ ಹಿಡಿದ.

ಸೀರೆಯ ಒಂದೊಂದು ತುದಿ ಹಿಡಿದು ನಿಂತಾಗಲೇ ಅವನು ಹೇಳಿದ್ದು.

"ವಲೇರಿ, ಅವತ್ತು ನನ್ನ ಕೈಯಲ್ಲಿ ಏನೂ ಇರಲಿಲ್ಲ. ನಿನ್ನ ಪ್ರಾರ್ಥನೆ ಕೇಳಿಸಿಕೊಂಡಿದ್ದೆ. ಅದನ್ನೇ ಇಟ್ಟುಕೊಂಡು ಆಡಿದೆ."

ವಲೇರಿಯನ್ ಸೀರೆಯ ಅಂಚನ್ನು ಅಂಚಿಗೆ ಸರಿಯಾಗಿ ಕೂಡಿಸಿದ.

"ಗೊತ್ತಿತ್ತು," ಎಂದ.

"ಗೊತ್ತಿದ್ದೂ ಯಾಕೆ ಎಲೆ ಕೆಳಗಿಟ್ಟೆ?"

"ನಿನ್ನ ಹತ್ತಿರ ಏನೂ ಇಲ್ಲ ಅಂತ ಮನಸ್ಸು ಹೇಳ್ತಾನೇ ಇತ್ತು. ಆದರೆ ಅಕಸ್ಮಾತ್ ಇದ್ದರೆ? ನಾನು ಸೋತರೆ ಅಲ್ಲಿಗೆ ಅವಳೂ ಹೋದಳು ಅಂತಲೇ ಅನ್ನಿಸಿಬಿಡ್ತು." ಅಂಚನ್ನು ಸವರುತ್ತ ಮತ್ತೆ ಅಂದ: "ಅವಳ ಜೀವವನ್ನ ಆ ಮೇಜಿನ ಮೇಲೆ ಇಟ್ಟವನು ನಾನು, ಎಫ್ರೇಮ. ನೀನಲ್ಲ. ಅವಳು ಇಲ್ಲಿ ಮಲಗಿದ್ದಳು. ನಾನು ಅಲ್ಲಿ ಕೂತು ಅವಳನ್ನ ಪಣಕ್ಕಿಟ್ಟಿದ್ದೆ."

ಅವನ ಕೈಯಿಂದ ಸೀರೆ ಜಾರಿತು. ಎಫ್ರೇಮ ಅದನ್ನೆತ್ತಿಕೊಂಡ.

"ಈಗಲೇ ನಿನ್ನ ಜೊತೆ ಪ್ರಾರ್ಥನೆ ಮಾಡು ಅನ್ನಬೇಡ," ಎಂದ ವಲೇರಿಯನ್. "ನನ್ನಿಂದ ಆಗಲ್ಲ."

"ಅನ್ನಲ್ಲ."

"ಹೋಗಲೂಬೇಡ."

ಹೊತ್ತು ಮುಳುಗುವವರೆಗೆ ಇಬ್ಬರೂ ಮಡಚಿದರು. ಒಂದು ಹಸಿರು ಸೀರೆಯನ್ನು ಮಾತ್ರ ವಲೇರಿಯನ್ ಮತ್ತೆ ಕಪಾಟಿನೊಳಗೆ ಇಟ್ಟ.

ಎಫ್ರೇಮ ಆಶ್ರಮಕ್ಕೆ ಮರಳಿದಾಗ ಕಲ್ಲುಬೆಂಚು ಖಾಲಿ ಇತ್ತು. ಸ್ವಾಮಿಗಳು ಒಳಗೆ ಚಾಪೆಯ ಮೇಲೆ ಮಲಗಿದ್ದರು. ಕೆನ್ನೆ ಒಳಕ್ಕೆ ಹೋಗಿತ್ತು. ಡಾಕ್ಟರು ಬಂದು ನೋಡಿಕೊಂಡು ಹೋಗಿದ್ದರು. ಇನ್ನು ಎಲ್ಲಿಗೆ ಕರೆದೊಯ್ದರೂ ಪ್ರಯೋಜನವಿಲ್ಲ ಎಂದು ಹೇಳಿದ್ದರಂತೆ.

ಅವನು ಪಕ್ಕದಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದ.

"ಕ್ಷಮಿಸಿದನೇ?"

"ಕೇಳಲಿಲ್ಲ ಸ್ವಾಮಿ. ಕೇಳಿದರೆ ಆ ದುಃಖದ ನಡುವೆ ಅವನು ನನಗೊಂದು ಉತ್ತರ ಹುಡುಕಬೇಕಾಗ್ತಿತ್ತು."

ಸ್ವಾಮಿಗಳು ಕಣ್ಣು ಮುಚ್ಚಿದರು. ನಿದ್ದೆ ಹೋದರೇನೋ ಎಂದುಕೊಂಡ. ಆದರೆ ಅವರು ಕೇಳಿದರು:

"ಸೀರೆ ಜಾರಿತಲ್ಲ, ಆಗ ಅವನ ಮುಖದಲ್ಲಿ ಏನಿತ್ತು?"

ಎಫ್ರೇಮ ನೆನಪಿಸಿಕೊಳ್ಳಲು ನೋಡಿದ. ಎಂಥ ಆಟಗಾರನ ಮುಖವನ್ನೂ ಮರೆಯದವನಿಗೆ ಅದೊಂದು ಕಣ್ಣೆದುರು ಬರಲಿಲ್ಲ.

"ಗೊತ್ತಿಲ್ಲ ಸ್ವಾಮಿ. ನಾನು ಅಳ್ತಾ ಇದ್ದೆ. ಏನೂ ಕಾಣಿಸಲಿಲ್ಲ."

ಸ್ವಾಮಿಗಳು ಕಣ್ಣು ತೆರೆದರು. ಹೊದಿಕೆಯ ಕೆಳಗಿನಿಂದ ಕೈ ಹೊರಗೆ ಬಂತು.

"ಹತ್ತಿರ ಬಾ. ಈಗ ನಿನಗೆ ಹೇಳಬಹುದು. ನನಗೆ ಭಯ ಆಗ್ತಾ ಇದೆ, ಎಫ್ರೇಮ."